ಒಂದು ಟನ್ ಬಿದಿರಿಗೆ ಒಂದೂವರೆ ರೂಪಾಯಿ

ಗೌರಿ ಹಬ್ಬ ಹತ್ತಿರ ಬಂತೆಂದರೆ ಪುಣೆಯ ಕನ್ನಡದ ಮನೆಗಳಲ್ಲಿ ಮೊರದ ಬಾಗಿನದ ಮಾತು ಶುರುವಾಗುತ್ತದೆ. ಮೊರ ಬೇಕಾದರೆ ಹಳೆ ಪುಣೆಯ ಬುರೂಡ್ ಆಳಿಗೆ ಹೋಗಬೇಕು. ಆಳಿ ಎಂದರೆ ಮರಾಠಿಯಲ್ಲಿ ಓಣಿ. ಬುರೂಡರು ಬಿದಿರು ಸೀಳಿ ಬುಟ್ಟಿ, ಮೊರ, ತಟ್ಟಿ ಹೆಣೆಯುವವರು, ನಮ್ಮ ಕಡೆಯ ಮೇದಾರರ ಹಾಗೆ. ಶರಣ ಮೇದರ ಕೇತಯ್ಯನದೂ ಇದೇ ಕಸುಬು.

ಪ್ಲಾಸ್ಟಿಕ್ ಬಂತು, ಬುಟ್ಟಿ ಹೆಣೆಯುವವರ ಬದುಕು ಸೊರಗಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಅರ್ಧ ಕಥೆ. ಉಳಿದರ್ಧ ನಮ್ಮ ಉತ್ತರ ಕನ್ನಡದ ಕಾಡಿನಲ್ಲಿದೆ. ಅದನ್ನು ದೇಶಕ್ಕೆ ತಿಳಿಸಿದವರು ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್.

1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು. ಸರ್ಕಾರ ಅದಕ್ಕೆ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತು. ಅದೇ ಬಿದಿರಿಗೆ ಮೇದಾರರು ಪೇಟೆಯಲ್ಲಿ ಕೊಡಬೇಕಾಗಿದ್ದ ಬೆಲೆ ಇದರ ನೂರಾರು ಪಟ್ಟು. ಇಷ್ಟು ಅಗ್ಗಕ್ಕೆ ಸಿಗುವ ವಸ್ತುವನ್ನು ಯಾರು ಜೋಪಾನ ಮಾಡುತ್ತಾರೆ? ನೋಡನೋಡುತ್ತಿದ್ದಂತೆ ಬಿದಿರು ಕರಗಿತು. ಹಳ್ಳಿಯವರ ದನಗಳು, ಬುಟ್ಟಿ ಹೆಣೆಯುವವರ ಕತ್ತಿಯೇ ಇದಕ್ಕೆ ಕಾರಣ ಎಂಬ ದೂರು ಹುಟ್ಟಿಕೊಂಡಿತು.

1970ರ ದಶಕದಲ್ಲಿ ಗಾಡ್ಗೀಳರು ಇದನ್ನು ಕಾಡಿಗೇ ಹೋಗಿ ಪರೀಕ್ಷಿಸಿದರು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ತಾನಾಗಿಯೇ ಬೆಳೆದಿರುತ್ತದೆ. ಅದನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಅರಣ್ಯ ಇಲಾಖೆ ನಂಬಿತ್ತು. ಹಳ್ಳಿಯವರು ಹೇಳಿದ್ದೇ ಬೇರೆ: ಆ ಮುಳ್ಳೇ ಕಳಲೆಗೆ ಬೇಲಿ, ಬೇಲಿ ತೆಗೆದರೆ ದನ, ಮುಳ್ಳುಹಂದಿ, ಮಂಗ ಯಾವುದೂ ಬಿಡುವುದಿಲ್ಲ. ಅಧ್ಯಯನದಲ್ಲಿ ಹಳ್ಳಿಯವರ ಮಾತೇ ಸರಿಯೆಂದು ಕಂಡಿತು. ಕಾರ್ಖಾನೆ ಮಾತ್ರ ಹತ್ತಿರದ ಬಿದಿರು ತೀರಿದಂತೆ ದೂರದಿಂದ ತರಿಸಿಕೊಂಡಿತು, ನೀಲಗಿರಿಯ ಕಡೆಗೂ ತಿರುಗಿತು. ಮೇದಾರನಿಗೆ ಆ ಅನುಕೂಲ ಎಲ್ಲಿತ್ತು?

ಕಾಡು ನಾಶ ಮತ್ತು ಬಡತನ ಎರಡು ಬೇರೆ ಬೇರೆ ಸಮಸ್ಯೆಗಳಲ್ಲ ಎಂದು ನನಗೆ ಮನವರಿಕೆಯಾದದ್ದು ಈ ಪ್ರಕರಣ ಓದಿದಾಗ. ನಷ್ಟ ತಟ್ಟದವನ ಕೈಯಲ್ಲಿ ನಿರ್ಧಾರವಿತ್ತು. ಕಾಡಿನ ಮರ್ಮ ಗೊತ್ತಿದ್ದವನ ಮಾತಿಗೆ ಬೆಲೆಯಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಮಹಾರಾಷ್ಟ್ರದಲ್ಲಿದೆ, ಅದೂ ಬಿದಿರಿನದೇ. ಗಡಚಿರೋಲಿ ಜಿಲ್ಲೆಯ ಮೇಂಢಾ ಲೇಖಾ ಗೊಂಡ ಆದಿವಾಸಿಗಳ ಪುಟ್ಟ ಊರು. ‘ದಿಲ್ಲಿ ಮುಂಬಯಿಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ’ ಎನ್ನುವುದು ಆ ಊರಿನ ಘೋಷಣೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಸಾಮುದಾಯಿಕ ಹಕ್ಕು ಈ ಗ್ರಾಮಸಭೆಗೆ ಸಿಕ್ಕಿತು. ಆಗಲೂ ಕಡಿದ ಬಿದಿರನ್ನು ಸಾಗಿಸುವ ಪರವಾನಗಿ ಇಲಾಖೆಯ ಕೈಯಲ್ಲೇ ಇತ್ತು. 2011ರ ಏಪ್ರಿಲ್‌ನಲ್ಲಿ ಅದೂ ಗ್ರಾಮಸಭೆಗೆ ಬಂತು. ಈಗ ಯಾವ ಮೆಳೆ ಕಡಿಯಬೇಕು, ಯಾವುದನ್ನು ಬಿಡಬೇಕು, ಯಾರಿಗೆ ಮಾರಬೇಕು ಎಂದು ಊರೇ ಕೂತು ತೀರ್ಮಾನಿಸುತ್ತದೆ. ಮುಂದಿನ ವರ್ಷವೂ ಅದೇ ಮೆಳೆಯ ಮುಂದೆ ನಿಲ್ಲಬೇಕಾದವರು ಬುಡಸಮೇತ ಕಡಿಯುವುದಿಲ್ಲ.

ಇನ್ನು ನಮ್ಮ ಪುಣೆಗೆ ಬರೋಣ. ಮಳೆಗಾಲ ಶುರುವಾದರೆ ಐಟಿ ಕಂಪನಿಗಳಿಂದ ಟೀ ಶರ್ಟ್ ತೊಟ್ಟು ಟೇಕಡಿಗಳಿಗೆ ಸಸಿ ನೆಡಲು ಹೋಗುವವರಲ್ಲಿ ನಾನೂ ಒಬ್ಬ. ಆ ಉತ್ಸಾಹದ ಬಗ್ಗೆ ನನಗೆ ಗೌರವವಿದೆ. ಆದರೆ ಪುಣೆಯ ಟೇಕಡಿಗಳನ್ನೇ ನೋಡಿ. ಹಿಂದೆ ಇಲ್ಲಿ ಬೇಗ ಹಸಿರಾಗಲೆಂದು ಮಧ್ಯ ಅಮೆರಿಕ ಮೂಲದ ಗ್ಲಿರಿಸಿಡಿಯಾ ಮರಗಳನ್ನು ಸಾಲುಸಾಲಾಗಿ ನೆಡಲಾಯಿತು. ಮಳೆಗಾಲದಲ್ಲಿ ದೂರಕ್ಕೆ ಕಾಡಿನಂತೆಯೇ ಕಾಣುತ್ತದೆ, ಬೇಸಿಗೆಗೆ ಎಲೆಯುದುರಿ ಬರೀ ಕಡ್ಡಿ ನಿಲ್ಲುತ್ತದೆ. ಈ ಒಣ ಗುಡ್ಡಗಳದ್ದೇ ಆದ ಹುಲ್ಲು, ಕುರುಚಲು ಗಿಡಗಳಿಗೆ ಅಲ್ಲಿ ಜಾಗ ಕಡಿಮೆ.

ಜಿಲ್ಲೆಯ ಪೂರ್ವಕ್ಕೆ ಬಾರಾಮತಿ, ಇಂದಾಪುರದ ಹುಲ್ಲುಗಾವಲುಗಳಿವೆ. ನಮ್ಮ ಕಣ್ಣಿಗೆ ಅವು ಬೀಳು ಭೂಮಿ. ಧನಗರರ ಕುರಿಗಳಿಗೆ ಅದೇ ಮೇವು, ತೋಳ, ಚಿಂಕಾರಗಳಿಗೆ ಅದೇ ಮನೆ. ಧನಗರರು ನಮ್ಮ ಕುರುಬರಂತೆಯೇ ಕುರಿ ಹಿಂದೆ ನಡೆಯುವವರು. ಅವರನ್ನು ಕೇಳದೆ ಅಲ್ಲಿ ಗುಂಡಿ ತೋಡಿ ಮರ ನೆಟ್ಟರೆ ಪರಿಸರಕ್ಕೂ ನಷ್ಟ, ಅವರಿಗೂ ನಷ್ಟ. ನಮ್ಮ ಫೋಟೊದಲ್ಲಿ ಮಾತ್ರ ಹಸಿರು.

ಹಾಗಾಗಿ ಈಗ ಸಸಿ ನೆಡುವ ಕಾರ್ಯಕ್ರಮದ ಮೇಲ್ ಬಂದರೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಈ ಗಿಡ ಈ ನೆಲದ್ದೇನಾ? ಮುಂದಿನ ಮೂರು ಬೇಸಿಗೆ ನೀರು ಹಾಕುವವರು ಯಾರು, ಅವರಿಗೆ ಸರಿಯಾದ ಕೂಲಿ ಇದೆಯಾ? ಈ ಜಾಗದಲ್ಲಿ ದನ ಕುರಿ ಮೇಯಿಸುವವರನ್ನು, ಹುಲ್ಲು ಸೌದೆ ತರುವವರನ್ನು ಕೇಳಿದ್ದೀರಾ? ಮೊದಲೆರಡಕ್ಕೆ ಉತ್ತರ ಬೇಗ ಸಿಗುತ್ತದೆ. ಮೂರನೆಯದಕ್ಕೆ ಸಾಮಾನ್ಯವಾಗಿ ಮೌನ.

ನಿಮ್ಮ ಕಂಪನಿಯಲ್ಲೂ ಇಂಥ ಕಾರ್ಯಕ್ರಮ ಇದ್ದೇ ಇರುತ್ತದೆ. ಹೋಗಿ, ಖಂಡಿತ ಹೋಗಿ. ಹೋಗುವ ಮುಂಚೆ ಆ ಮೂರನೆಯ ಪ್ರಶ್ನೆಯನ್ನು ನೀವೂ ಒಮ್ಮೆ ಕೇಳಿ. ನಾಲ್ಕು ಜನ ಕೇಳಿದರೆ ಯಾರಾದರೂ ಉತ್ತರ ಹುಡುಕಲೇಬೇಕಾಗುತ್ತದೆ.