ಥೀಮ್ ಪಾರ್ಕ್ ಪ್ರವಾಸ: ಟಿಕೆಟ್‌ಗೆ ವಾರ ಸಾಕು, ದಿನ ಗೊತ್ತುಮಾಡಲು ಎರಡು ತಿಂಗಳು ಬೇಕು

ಚಾಮರಾಜನಗರ/ಗುಂಡ್ಲುಪೇಟೆ: ವಾರ್ಷಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಮಕ್ಕಳಿರುವ ಮನೆಗಳಲ್ಲಿ ನೀರಾಟದ ಪಾರ್ಕಿನ ಬೇಡಿಕೆ ಏಳುವುದು ಈಗ ಮಾಮೂಲಿ ಸಂಗತಿ. ಜಿಲ್ಲೆಯಲ್ಲಿ ಬೆಟ್ಟವಿದೆ, ಕಾಡಿದೆ, ಜಲಪಾತವಿದೆ. ಆದರೆ ಮಕ್ಕಳು ಕೇಳುವ ದೈತ್ಯ ತೊಟ್ಟಿಲು, ಅಲೆಯ ಕೊಳ, ರೋಲರ್ ಕೋಸ್ಟರ್‌ಗಳಿಗೆ ಜಿಲ್ಲೆಯ ಗಡಿ ದಾಟಲೇಬೇಕು. ಹತ್ತಿರದ್ದೆಂದರೆ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್. ದೊಡ್ಡದೆಂದರೆ ಬಿಡದಿ ಸಮೀಪದ ಜಡೇನಹಳ್ಳಿಯಲ್ಲಿ 2005ರಲ್ಲಿ ಆರಂಭವಾದ ವಂಡರ್‌ಲಾ. ಗಡಿಯಾಚೆಯದೆಂದರೆ ನೀಲಗಿರಿಯ ತಪ್ಪಲಿನ ಮೆಟ್ಟುಪಾಳ್ಯಂನಲ್ಲಿರುವ ಬ್ಲ್ಯಾಕ್ ಥಂಡರ್.

ಇಂತಹ ಪ್ರವಾಸಕ್ಕೆ ಎಷ್ಟು ಮುಂಚಿತವಾಗಿ ಸಿದ್ಧತೆ ನಡೆಸಬೇಕು ಎಂಬುದು ಹಲವು ಮನೆಗಳ ಪ್ರಶ್ನೆ. ಹಿಂದಿನ ರಾತ್ರಿ ತೀರ್ಮಾನಿಸಿ ಬೆಳಿಗ್ಗೆ ಹೊರಟು ಪಾರ್ಕಿನ ಬಾಗಿಲಲ್ಲಿ ಸರತಿ ಸಾಲು ಕಂಡು ನಿಟ್ಟುಸಿರು ಬಿಡುವವರು ಒಂದು ಕಡೆ. ಆರು ತಿಂಗಳ ಮೊದಲೇ ಎಲ್ಲವನ್ನೂ ಬರೆದಿಟ್ಟು ಕೊನೆಗೆ ಹಸು ಕರು ಹಾಕಿತೆಂದು ಮನೆಯಲ್ಲೇ ಉಳಿಯುವವರು ಇನ್ನೊಂದು ಕಡೆ. ಇವೆರಡರ ನಡುವೆ ಒಂದು ದಾರಿಯಿದೆ. ಟಿಕೆಟ್‌ಗೆ ಅಷ್ಟು ಅವಸರವಿಲ್ಲ. ದಿನ ಗೊತ್ತುಮಾಡುವುದಕ್ಕೆ ಮತ್ತು ಹಿಂತಿರುಗುವ ದಾರಿಯ ಲೆಕ್ಕಕ್ಕೆ ಮಾತ್ರ ಮುಂದಾಲೋಚನೆ ಬೇಕು.

ಅಮೆರಿಕದ ಲೆಕ್ಕ ಇಲ್ಲಿಗೆ ಹೊಂದದು

ವಿದೇಶದಲ್ಲಿರುವ ನೆಂಟರು ಕೊಡುವ ಸಲಹೆಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದು ಕಷ್ಟ. ಫ್ಲಾರಿಡಾದಲ್ಲಿ 1971ರಲ್ಲಿ ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಊಟದ ಮೇಜನ್ನೇ 60 ದಿನ ಮೊದಲು ಕಾದಿರಿಸುವ ಪದ್ಧತಿಯಿದೆ. ಟೋಕಿಯೊ ಡಿಸ್ನಿಲ್ಯಾಂಡ್ ಎರಡು ತಿಂಗಳ ಮುಂಚಿನಿಂದ ದಿನಾಂಕ ನಮೂದಿಸಿದ ಟಿಕೆಟ್ ಮಾರುತ್ತದೆ. ಅಲ್ಲಿಗೆ ಹೋಗುವವರು ವಿಮಾನವೇರಿ ಬಂದು, ಪಾರ್ಕಿನವರದೇ ಹೋಟೆಲಿನಲ್ಲಿ ತಂಗಿ, ಮೂರು ನಾಲ್ಕು ದಿನ ಕಳೆಯುವವರು. ಒಂದು ಕೊಂಡಿ ತಪ್ಪಿದರೂ ದೊಡ್ಡ ಮೊತ್ತ ಕೈಬಿಡುತ್ತದೆ.

ನಮ್ಮ ಕಡೆಯ ಪ್ರವಾಸ ಒಂದು ದಿನದ್ದು. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ರಾತ್ರಿ ಮನೆಯ ಹಾಸಿಗೆ. ಆದ್ದರಿಂದ ಇಲ್ಲಿ ನಷ್ಟವಾಗುವುದು ಮುಖ್ಯವಾಗಿ ಸಮಯ. ಪಾರ್ಕುಗಳು ಸಾಮಾನ್ಯವಾಗಿ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದರೊಳಗೆ ತೆರೆದು ಸಂಜೆ ಆರು ಅಥವಾ ಏಳಕ್ಕೆ ಮುಚ್ಚುತ್ತವೆ. ಕೈಗೆ ಸಿಗುವುದು ಏಳೆಂಟು ಗಂಟೆ. ಮಧ್ಯಾಹ್ನ ಒಂದಕ್ಕೆ ತಲುಪಿದ ಕುಟುಂಬ ಪೂರ್ಣ ಹಣ ಕೊಟ್ಟು ಮುಕ್ಕಾಲು ದಿನವನ್ನೂ ಪಡೆಯುವುದಿಲ್ಲ.

ಟಿಕೆಟ್: ಒಂದು ವಾರ ಮೊದಲು

ದೊಡ್ಡ ಪಾರ್ಕುಗಳಲ್ಲಿ ವಾರದ ದಿನಗಳಿಗೆ ಒಂದು ದರ, ಶನಿವಾರ, ಭಾನುವಾರ ಮತ್ತು ರಜಾದಿನಗಳಿಗೆ ಹೆಚ್ಚಿನ ದರ. ಅಂತರ್ಜಾಲದಲ್ಲಿ ಮೊದಲೇ ಖರೀದಿಸಿದರೆ ರಿಯಾಯಿತಿ ಸಿಗುವುದುಂಟು, ಕಾಲೇಜು ವಿದ್ಯಾರ್ಥಿಗಳಿಗೆ ಗುರುತಿನ ಚೀಟಿ ತೋರಿಸಿದರೆ ಬೇರೆ ರಿಯಾಯಿತಿ. ಪ್ರವೇಶ ಶುಲ್ಕದ ಮೇಲೆ ಜಿಎಸ್‌ಟಿ ಇರುವುದರಿಂದ ಮೊದಲ ಪುಟದಲ್ಲಿ ಕಾಣುವ ದರವನ್ನಲ್ಲ, ಹಣ ಪಾವತಿಸುವ ಪುಟದಲ್ಲಿ ಬರುವ ಒಟ್ಟು ಮೊತ್ತವನ್ನು ಲೆಕ್ಕಕ್ಕೆ ಹಿಡಿಯಬೇಕು. ಇವೆಲ್ಲಕ್ಕೂ ಒಂದು ವಾರದ ಮುಂಚಿನ ಗಮನ ಸಾಕು. ಅದಕ್ಕಿಂತ ಮೊದಲೇ ಹಣ ಕಟ್ಟಿದವರು ದಿನ ಬದಲಾಯಿಸಲು ಅವಕಾಶವಿದೆಯೇ ಎಂಬುದನ್ನು ಮೊದಲು ಓದಿಕೊಳ್ಳುವುದು ಒಳಿತು.

ಆ ವಾರದಲ್ಲೇ ಮನೆಯಲ್ಲಿ ಮಾಡಬೇಕಾದ ಕೆಲಸ ಎರಡಿವೆ. ಒಂದು, ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುವುದು. ಮಕ್ಕಳ ಟಿಕೆಟ್ ದರ ಬಿಡದಿಯಲ್ಲಿ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ ನಿಗದಿಯಾಗುತ್ತದೆ. ರೋಮಾಂಚಕ ಆಟಗಳಿಗೂ ಕನಿಷ್ಠ ಎತ್ತರದ ನಿಯಮವಿದೆ. ಅಣ್ಣನಿಗೆ ಅವಕಾಶ ಸಿಕ್ಕಿ ತಂಗಿಗೆ ಸಿಗದಿದ್ದರೆ ಅಲ್ಲಿಯೇ ಅಳು ಶುರುವಾಗುತ್ತದೆ. ಅದನ್ನು ಮನೆಯಲ್ಲೇ ಹೇಳಿ ಒಪ್ಪಿಸಿ ಕರೆದೊಯ್ಯುವುದು ಜಾಣತನ.

ಇನ್ನೊಂದು ಬಟ್ಟೆಯ ವಿಚಾರ. ನೀರಿನ ಆಟಗಳಿಗೆ ಸೀರೆ, ಚೂಡಿದಾರ, ಹತ್ತಿ ಬಟ್ಟೆ, ಪಂಚೆಗಳಲ್ಲಿ ಇಳಿಯಲು ಬಿಡುವುದಿಲ್ಲ. ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಆಗಬೇಕು. ಇದನ್ನು ತಿಳಿಯದೆ ಹೋದ ಮನೆಗಳಲ್ಲಿ ಅತ್ತೆ, ಸೊಸೆ ಇಬ್ಬರೂ ಟಿಕೆಟ್ ಕೊಂಡು ದಡದಲ್ಲಿ ಚೀಲ ಕಾಯುತ್ತ ಕುಳಿತಿರುವ ದೃಶ್ಯ ಅಪರೂಪವೇನಲ್ಲ. ಪಾರ್ಕಿನೊಳಗಿನ ಅಂಗಡಿಯಲ್ಲಿ ಬಟ್ಟೆ ಕೊಳ್ಳಬಹುದು, ಆದರೆ ಊರಿನ ಅಂಗಡಿಯ ದರ ಅಲ್ಲಿ ಇರದು. ಮೊಣಕಾಲು ಮುಚ್ಚುವ, ತೋಳಿರುವ ನೈಲಾನ್ ಉಡುಪು ಮೈಸೂರಿನ ಪೇಟೆಯಲ್ಲಿ ದೊರೆಯುತ್ತದೆ. ಸಂಕೋಚಪಡುವ ಹಿರಿಯರಿಗೆ ಅದನ್ನು ಮೊದಲೇ ತಂದುಕೊಟ್ಟರೆ ಅವರೂ ನೀರಿಗಿಳಿದಾರು. ಹೊರಗಿನ ಊಟ ಒಳಗೆ ಬಿಡುವುದಿಲ್ಲವಾದ್ದರಿಂದ ಕಟ್ಟಿಕೊಂಡ ಪುಳಿಯೋಗರೆ ದಾರಿಯಲ್ಲೇ ಮುಗಿಯಬೇಕು.

ದಿನ: ಎರಡು ತಿಂಗಳು ಮೊದಲು

ಮುಂದಾಲೋಚನೆಯ ಮುಖ್ಯ ಭಾಗ ಇಲ್ಲಿದೆ. ನೌಕರಿಯವರಿಗೆ ರಜೆ ಪತ್ರವೊಂದರ ಮಾತು. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಕೃಷಿಕ ಕುಟುಂಬಕ್ಕೆ ಮನೆ ಮಂದಿಯೆಲ್ಲ ಒಂದೇ ದಿನ ಹೊರಗಿರುವುದೇ ದೊಡ್ಡ ವ್ಯವಸ್ಥೆ.

ರೇಷ್ಮೆ ಸಾಕುವ ಮನೆಯನ್ನೇ ನೋಡಬಹುದು. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ಹಂತಕ್ಕೆ ಬರಲು ಸುಮಾರು 25 ದಿನ ಹಿಡಿಯುತ್ತದೆ. ನಾಲ್ಕನೇ ಜ್ವರ ಎದ್ದ ಬಳಿಕದ ಕೊನೆಯ ವಾರವೊಂದರಲ್ಲೇ ಹುಳುಗಳು ಇಡೀ ಬೆಳೆಯ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟನ್ನು ತಿಂದುಹಾಕುತ್ತವೆ. ಆ ವಾರ ಮನೆಯಲ್ಲಿ ಮದುವೆಯನ್ನೂ ಇಟ್ಟುಕೊಳ್ಳುವುದಿಲ್ಲ, ಇನ್ನು ಪಾರ್ಕಿನ ಮಾತೆಲ್ಲಿ? ಆದರೆ ಚಾಕಿ ಹುಳು ಮನೆಗೆ ಬರುವ ದಿನ ಗೊತ್ತಾದರೆ ಗೂಡು ಬಿಡಿಸುವ ದಿನವೂ ಗೊತ್ತಾದಂತೆ. ಗೂಡು ಮಾರಿ, ಹುಳು ಮನೆ ತೊಳೆದು ಸೋಂಕು ನಿವಾರಣೆ ಮಾಡಿ, ಮುಂದಿನ ಬೆಳೆ ಇಡುವ ಮೊದಲಿನ ಬಿಡುವೇ ಪ್ರವಾಸದ ಸಮಯ. ಕೈಯಲ್ಲಿ ಹಣವೂ ಇರುತ್ತದೆ. ಎರಡು ತಿಂಗಳ ಮುಂಚೆ ಕ್ಯಾಲೆಂಡರ್ ಮುಂದಿಟ್ಟುಕೊಂಡರೆ ಒಂದು ಬೆಳೆಯನ್ನು ನಾಲ್ಕೈದು ದಿನ ಹಿಂದುಮುಂದು ಮಾಡಿ ಆ ಬಿಡುವನ್ನು ಮಕ್ಕಳ ರಜೆಗೆ ಹೊಂದಿಸಬಹುದು. ಹದಿನೈದು ದಿನ ಮೊದಲು ಯೋಚಿಸಿದರೆ ಹುಳು ಆಗಲೇ ಮನೆಯಲ್ಲಿರುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿಬರುವ ರೈತರಿಗೆ ಬಿಡದಿಯ ದಾರಿ ಹೊಸದೂ ಅಲ್ಲ.

ಹೈನು ಇರುವ ಮನೆಯ ಸಮಸ್ಯೆ ಇನ್ನೂ ಚಿಕ್ಕದು, ಆದರೆ ದಿನಕ್ಕೆರಡು ಬಾರಿ ಬರುವಂಥದ್ದು. ಬೆಳಗಿನ ಹಾಲು ಕರೆದು ಡೇರಿಗೆ ಹಾಕಿ ಹೊರಡಬಹುದು. ಸಂಜೆಯದಕ್ಕೆ ಪಕ್ಕದ ಮನೆಯವರನ್ನು ಕೇಳಬೇಕು. ಹಸು ಹೊಸ ಕೈಗೆ ಒಗ್ಗಲು ಎರಡು ಮೂರು ದಿನ ಬೇಕಾಗುವುದರಿಂದ ಹೊರಡುವ ದಿನವೇ ಮೊದಲ ಬಾರಿ ಕರೆಸುವುದು ಸರಿಯಲ್ಲ.

ಶಾಲೆಯ ಕ್ಯಾಲೆಂಡರ್ ಮತ್ತೊಂದು. ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆ ಮತ್ತು ದಸರಾ ರಜೆಯಲ್ಲಿ ಪಾರ್ಕುಗಳು ತುಂಬಿರುತ್ತವೆ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಕಾಲ, ವಾರದ ದಿನಗಳಲ್ಲೂ ಸಾಲು ಸಾಲು ಬಸ್ಸುಗಳು ಬಂದು ನಿಲ್ಲುತ್ತವೆ. ಸರ್ಕಾರವೂ ಕೆಲವೊಮ್ಮೆ ಲೆಕ್ಕ ತಪ್ಪಿಸುತ್ತದೆ. 2025ರಲ್ಲಿ ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ತೊಡಗಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ರಜೆಯ ಮೊದಲ ವಾರದ ನೂಕುನುಗ್ಗಲಿನಲ್ಲಿ ಹೋಗಿಬಂದವರಿಗಿಂತ, ದಿನವನ್ನು ಸ್ವಲ್ಪ ಸಡಿಲವಾಗಿ ಇಟ್ಟುಕೊಂಡಿದ್ದವರಿಗೆ ಆ ವರ್ಷ ಲಾಭ. ಗುಂಪು ಬೇಡವೆನ್ನುವವರಿಗೆ ಜೂನ್ ನಂತರದ ಯಾವುದಾದರೂ ಮಂಗಳವಾರ ಅಥವಾ ಬುಧವಾರ ಸೂಕ್ತ. ಮೋಡ ಮುಸುಕಿರುತ್ತದೆ, ನೀರು ತುಸು ತಣ್ಣಗಿರುತ್ತದೆ, ಆದರೆ ಒಂದೇ ಆಟವನ್ನು ಮಕ್ಕಳು ಮೂರು ಬಾರಿ ಆಡಬಹುದು. ಮೈಸೂರಿನ ಮೃಗಾಲಯವನ್ನೂ ಸೇರಿಸಿಕೊಳ್ಳುವವರು ಮಂಗಳವಾರ ಅದಕ್ಕೆ ವಾರದ ರಜೆ ಎಂಬುದನ್ನು ಮರೆಯಬಾರದು.

ಎರಡೂ ಪಟ್ಟಣಗಳಿಂದ ಮೈಸೂರಿಗೆ ಹೋಗುವ ದಾರಿ ನಂಜನಗೂಡಿನ ಮೇಲೆಯೇ ಸಾಗುತ್ತದೆ. ದೊಡ್ಡಜಾತ್ರೆಯ ದಿನ, ಜನವರಿಯ ಸುತ್ತೂರು ಜಾತ್ರೆಯ ದಿನಗಳಲ್ಲಿ ಆ ರಸ್ತೆಗೆ ಅರ್ಧ ಗಂಟೆ ಹೆಚ್ಚು ಮೀಸಲಿಡಬೇಕು.

ದಾರಿ: ಹಿಂದಿನಿಂದ ಮುಂದಕ್ಕೆ ಲೆಕ್ಕ

ಹೊರಡುವ ಹೊತ್ತನ್ನು ಎಲ್ಲರೂ ಲೆಕ್ಕಿಸುತ್ತಾರೆ, ಹಿಂತಿರುಗುವ ಹೊತ್ತನ್ನು ಕೆಲವರಷ್ಟೇ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರಿನಿಂದ ಸುಮಾರು 60 ಕಿ.ಮೀ. ದೂರ. ಬಸ್ಸಿನಲ್ಲಿ ಒಂದೂವರೆ ಗಂಟೆ. ಜಿ.ಆರ್.ಎಸ್. ಪಾರ್ಕಿಗೆ ಹೋಗುವವರು ನಿಧಾನವಾಗಿ ಎಂಟಕ್ಕೆ ಹೊರಟರೂ ನಡೆಯುತ್ತದೆ. ಅದೇ ರಸ್ತೆಯ ತುದಿಯಲ್ಲಿ ಕನ್ನಂಬಾಡಿ ಅಣೆಕಟ್ಟೆ, ಬೃಂದಾವನದ ಸಂಗೀತ ಕಾರಂಜಿ. ಎರಡನ್ನೂ ಒಂದೇ ದಿನ ಮುಗಿಸುವ ಆಸೆ ಸಹಜ. ಆದರೆ ಕಾರಂಜಿ ಕತ್ತಲಾದ ಮೇಲಿನದು, ಅಲ್ಲಿಂದ ಮೈಸೂರಿನ ಬಸ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ಊರಿನ ಕೊನೆಯ ಬಸ್ ಹೋಗಿರಬಾರದು. ಬೆಳಿಗ್ಗೆ ನಿಲ್ದಾಣದಲ್ಲಿ ಇಳಿದಾಗಲೇ ವಿಚಾರಣಾ ಕೌಂಟರಿನಲ್ಲಿ ಆ ದಿನದ ಕೊನೆಯ ಬಸ್ಸಿನ ವೇಳೆ ಕೇಳಿ ಬರೆದುಕೊಳ್ಳುವುದು ಲೇಸು. ಗುಂಡ್ಲುಪೇಟೆಗೆ ರೈಲಿಲ್ಲದ ಕಾರಣ ಅಲ್ಲಿಯವರಿಗೆ ಬಸ್ಸೇ ಗತಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಅಜ್ಜಿ, ತಾಯಿ, ಹೆಣ್ಣುಮಕ್ಕಳಿರುವ ಕುಟುಂಬಕ್ಕೆ ಇದು ಗಣನೀಯ ಉಳಿತಾಯ. ರಜಾದಿನ ಸೀಟು ಸಿಗುವುದು ಮಾತ್ರ ಬೇರೆ ಮಾತು. ಬೆಳಗಿನ ಮೊದಲ ಬಸ್ಸುಗಳಲ್ಲೇ ಹೊರಡುವುದು ಅದಕ್ಕೆ ಪರಿಹಾರ.

ಬಿಡದಿಗೆ ಹೋಗುವವರ ಲೆಕ್ಕ ಬಿಗಿಯಾದದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಸ್ವಂತ ಕಾರಿನವರಿಗೆ ಸಮಯ ಉಳಿಸಿದೆ. ಬಸ್ಸಿನವರಿಗೆ ಹೊಸ ತೊಡಕನ್ನೂ ತಂದಿದೆ. ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪಟ್ಟಣಗಳನ್ನು ಬಳಸಿ ಹೋಗುವುದರಿಂದ ತಡೆರಹಿತ ಬಸ್ಸುಗಳು ಬಿಡದಿಯಲ್ಲಿ ನಿಲ್ಲುವುದಿಲ್ಲ. ಹತ್ತುವ ಮೊದಲು ನಿರ್ವಾಹಕರನ್ನು ಕೇಳದಿದ್ದರೆ ಕೆಂಗೇರಿಯಲ್ಲಿ ಇಳಿದು ಹಿಂದಕ್ಕೆ ಬರಬೇಕಾದೀತು. ಬೈಕಿನಲ್ಲಿ ಹೊರಡುವ ಚಿಕ್ಕ ಕುಟುಂಬಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯ ಪಥ ನಿಷಿದ್ಧ, ಸರ್ವಿಸ್ ರಸ್ತೆಯೇ ಗತಿ. ಬೆಳಿಗ್ಗೆ ಆರಕ್ಕೆ ಊರು ಬಿಟ್ಟು, ಸಂಜೆ ಆರಕ್ಕೆ ಪಾರ್ಕು ಬಿಟ್ಟರೂ ಮನೆ ಸೇರುವುದು ರಾತ್ರಿ ಹತ್ತರ ನಂತರವೇ. ಐದು ವರ್ಷದೊಳಗಿನ ಮಕ್ಕಳಿದ್ದರೆ ಮೈಸೂರಿನ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿಯುವುದೇ ಮೇಲು. ನೆಂಟರಿಗೂ ಅದನ್ನು ಮೊದಲೇ ತಿಳಿಸಬೇಕಷ್ಟೆ.

ಕಾಡಿನ ಬಾಗಿಲು ಒಂಬತ್ತಕ್ಕೆ ಮುಚ್ಚುತ್ತದೆ

ದಕ್ಷಿಣದತ್ತ ಹೋಗುವವರಿಗೆ ಪಾರ್ಕಿನ ವೇಳೆಗಿಂತ ಕಾಡಿನ ವೇಳೆ ಮುಖ್ಯ. ಬಂಡೀಪುರದ ಮೂಲಕ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿ ಚಾಮರಾಜನಗರ ಜಿಲ್ಲಾಧಿಕಾರಿ 2009ರಲ್ಲಿ ಆದೇಶಿಸಿದ್ದರು. ವಾಹನಗಳಿಗೆ ಸಿಕ್ಕಿ ವನ್ಯಜೀವಿಗಳು ಸಾಯುತ್ತಿದ್ದುದು ಅದಕ್ಕೆ ಕಾರಣ. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ 27 ತಿರುವುಗಳ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲೂ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ಕಾರುಗಳಿಗೆ ಇದೇ ವೇಳೆಯ ನಿರ್ಬಂಧ ಬಂದಿದೆ.

ಮೆಟ್ಟುಪಾಳ್ಯಂನ ಪಾರ್ಕಿಗೆ ಚಾಮರಾಜನಗರದವರ ದಾರಿ ಇದೇ. ದೂರ ಬಿಡದಿಗಿಂತ ಕಡಿಮೆ. ಆದರೆ ಸಂಜೆ ಪಾರ್ಕು ಮುಚ್ಚುವವರೆಗೆ ಉಳಿದು ಮರಳಿ ಘಾಟಿ ಹತ್ತಲು ಹೊರಟರೆ, ನಡುವೆ ಊಟಕ್ಕೆ ನಿಂತದ್ದೇ ಒಂಬತ್ತು ಮೀರಿಸಲು ಸಾಕು. ತಪ್ಪಿದರೆ ಬೆಟ್ಟದ ಕೆಳಗೆ ಬಣ್ಣಾರಿಯಲ್ಲಿ ಬೆಳಗಾಗುವುದನ್ನು ಕಾಯಬೇಕು. ನಾಲ್ಕೂವರೆಗೆ ನೀರಿನಿಂದ ಮೇಲೆದ್ದರೆ ಆತಂಕವಿಲ್ಲ.

ಗುಂಡ್ಲುಪೇಟೆಯವರು ಊಟಿ, ಕೂನೂರು ನೋಡಿಕೊಂಡು ಅಲ್ಲಿಗೆ ಇಳಿಯುವ ಯೋಚನೆ ಮಾಡಿದರೆ ಇನ್ನೊಂದು ಕಾಗದ ಸೇರುತ್ತದೆ. ಮದ್ರಾಸ್ ಹೈಕೋರ್ಟಿನ ನಿರ್ದೇಶನದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಜಾರಿಗೆ ಬಂತು. 2025ರ ಏಪ್ರಿಲ್‌ನಿಂದ ಬೇಸಿಗೆಯಲ್ಲಿ ವಾರದ ದಿನ 6,000, ವಾರಾಂತ್ಯ 8,000 ವಾಹನಗಳೆಂಬ ಮಿತಿಯನ್ನೂ ಹಾಕಲಾಯಿತು. ಬೇಸಿಗೆಯ ಭಾನುವಾರವೇ ಬೇಕೆನ್ನುವವರು ಪಾರ್ಕಿನ ಟಿಕೆಟ್‌ಗಿಂತ ಮೊದಲು ಈ ಪಾಸ್ ವಿಚಾರಿಸಬೇಕು.

ದಾರಿಯಲ್ಲೇ ಇದೆಯೆಂದು ಬಂಡೀಪುರ ಸಫಾರಿಯನ್ನು ಪಟ್ಟಿಗೆ ಸೇರಿಸುವವರೂ ಇದ್ದಾರೆ. ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ನಂತರ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ಏಕಾಏಕಿ ನಿಲ್ಲಿಸಿತ್ತು. ಎಷ್ಟೇ ಮುಂಚೆ ಯೋಜಿಸಿದ್ದವರಿಗೂ ಆಗ ಉಪಯೋಗವಾಗಲಿಲ್ಲ. ಹೊರಡುವ ಹಿಂದಿನ ದಿನ ಅರಣ್ಯ ಇಲಾಖೆಯನ್ನು ವಿಚಾರಿಸಿ, ಸಫಾರಿ ಇಲ್ಲವೆಂದಾದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಆ ಜಾಗಕ್ಕೆ ಇಟ್ಟುಕೊಳ್ಳಬಹುದು. ಅಲ್ಲಿಯೂ ಸ್ವಂತ ವಾಹನವನ್ನು ತಪ್ಪಲಿನಲ್ಲೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೇರಬೇಕು. ಸಂಜೆಗೆ ಮೊದಲೇ ಬೆಟ್ಟ ಇಳಿಯಬೇಕಾದ್ದರಿಂದ ಹೋಗುವುದಾದರೆ ಬೆಳಗಿನ ಹೊತ್ತೇ ಸರಿ.