ರಾಡಿ ದಾರಿಗೆ ಸಜ್ಜಾಗುವ ಬೈಕು

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳು ಬಯಲುಸೀಮೆಗೆ ಹೊಂದಿಕೊಂಡ ಅರೆಮಲೆನಾಡಾದರೆ, ದಾಂಡೇಲಿ ದಾಟಿ ಜೋಯಿಡಾದತ್ತ ಸಾಗಿದಂತೆ ಕಾಡು ದಟ್ಟವಾಗುತ್ತದೆ, ಮಳೆ ಬಿರುಸಾಗುತ್ತದೆ, ಊರುಗಳು ಚದುರುತ್ತವೆ. ಜಿಲ್ಲೆಯಲ್ಲೇ ಜನಸಾಂದ್ರತೆ ಅತಿ ಕಡಿಮೆಯಿರುವ ಜೋಯಿಡಾದಲ್ಲಿ ಕುಣಬಿ, ಗೌಳಿ, ಸಿದ್ದಿ ಸಮುದಾಯಗಳು ನೆಲೆಸಿರುವ ಎಷ್ಟೋ ಮಜರೆಗಳಿಗೆ ಮಣ್ಣುದಾರಿಯೇ ಗತಿ. ಮಳೆಗಾಲದಲ್ಲಿ ಆ ದಾರಿ ರಾಡಿಯಾದ ಮೇಲೆ ರೇಷನ್ ಚೀಲ, ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಕೆಲವೊಮ್ಮೆ ಆಸ್ಪತ್ರೆಗೆ ಹೊರಟ ರೋಗಿ ಎಲ್ಲವನ್ನೂ ಹೊರಬೇಕಾದದ್ದು ನೂರು ಸಿಸಿ ಆಸುಪಾಸಿನ ಸಾಮಾನ್ಯ ಬೈಕು. ಡಾಂಬರು ರಸ್ತೆಗೆಂದು ತಯಾರಾದ ಈ ವಾಹನವನ್ನು ಜಾರುವ ನೆಲಕ್ಕೆ ಒಗ್ಗಿಸುವುದು ಹೆಸರಿಲ್ಲದ, ಬರಹಕ್ಕೆ ಇಳಿಯದ, ಆದರೆ ನಿಜವಾದ ಒಂದು ಕಸುಬು.

ಇದೇ ಸಮಸ್ಯೆಗೆ ಹಿಮದ ನಾಡುಗಳು ಬೇರೆ ಬಗೆಯ ಉತ್ತರ ಕಂಡುಕೊಂಡಿವೆ. ಅಲ್ಲಿ ಡರ್ಟ್ ಬೈಕಿನ ಮುಂದಿನ ಚಕ್ರ ಕಳಚಿ ಅಗಲವಾದ ಸ್ಕೀ ಪಟ್ಟಿಯನ್ನೂ, ಹಿಂದಿನ ಚಕ್ರ ಮತ್ತು ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ತೆಗೆದು ಹಲ್ಲುಗಳಿರುವ ರಬ್ಬರ್ ಟ್ರ್ಯಾಕನ್ನೂ ಜೋಡಿಸಿ ಸ್ನೋ ಬೈಕ್ ಮಾಡುತ್ತಾರೆ. ಇಂಥ ಕಿಟ್‌ಗಳಿಗೆ ಹೆಸರಾದ ಅಮೆರಿಕದ ಐಡಹೋ ರಾಜ್ಯದ ಟಿಂಬರ್‌ಸ್ಲೆಡ್ ಕಂಪನಿಯನ್ನು 2015ರಲ್ಲಿ ಪೋಲಾರಿಸ್ ಸಂಸ್ಥೆ ಕೊಂಡುಕೊಂಡಿತು. ಆ ಕಿಟ್‌ನ ಬೆಲೆಗೆ ನಮ್ಮಲ್ಲಿ ಹೊಸ ಬೈಕುಗಳನ್ನೇ ಕೊಳ್ಳಬಹುದಾದರೂ, ಹಿಂದಿನ ಚಕ್ರ ನೆಲವನ್ನು ಕಚ್ಚಬೇಕು, ಮುಂದಿನದು ಹೂತುಕೊಳ್ಳಬಾರದು ಎಂಬ ಮೂಲ ತತ್ತ್ವ ಎರಡೂ ಕಡೆ ಒಂದೇ.

ಮಲೆನಾಡಿನ ಉತ್ತರವೆಂದರೆ ಚೈನು. ಕಡಿದಾದ ಮಣ್ಣಿನ ಏರುಗಳಲ್ಲಿ ಜೀಪಿನ ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತುವ ರೂಢಿ ಘಟ್ಟದ ಜನರಿಗೆ ಹಳೆಯದು. ಅದೇ ಉಪಾಯ ಬೈಕಿಗೂ ಇಳಿದಿದೆ. ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವುದರಿಂದ ಸಾಮಾನ್ಯವಾಗಿ ಅದಕ್ಕೊಂದಕ್ಕೇ ಚೈನು ಸಾಕಾಗುತ್ತದೆ. ಗಿಡ್ಡ ಸರಪಳಿಯ ತುಂಡುಗಳನ್ನು ಟಯರಿನ ಮೇಲೆ ಅಡ್ಡಲಾಗಿ ಹಾಯಿಸಿ, ಕಡ್ಡಿಗಳ ನಡುವಿನಿಂದ ತಂದು, ರಿಮ್ಮಿಗೆ ಬಿಗಿಯಾಗಿ ಕಟ್ಟಲಾಗುತ್ತದೆ. ಸಡಿಲವಾಗಿ ಕಟ್ಟಿದರೆ ತುಂಡು ಬಿಚ್ಚಿ ಮಡ್‌ಗಾರ್ಡಿಗೆ ಬಡಿಯುತ್ತದೆ, ಇಲ್ಲವೇ ಸ್ವಿಂಗ್ ಆರ್ಮಿಗೆ ಸಿಕ್ಕಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ. ಆದ್ದರಿಂದ ಕಟ್ಟಿದ ಮೇಲೆ ಬೈಕನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ ಚಕ್ರವನ್ನು ಕೈಯಿಂದ ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳದೆ ಹೊರಡುವಂತಿಲ್ಲ. ಡಾಂಬರು ಸಿಕ್ಕಿದೊಡನೆ ಬಿಚ್ಚಬೇಕು, ಇಲ್ಲವಾದರೆ ಸರಪಳಿಯೂ ಟಯರೂ ಒಟ್ಟಿಗೆ ಸವೆಯುತ್ತವೆ. ಸರಪಳಿ ಇಲ್ಲದಿದ್ದರೆ ದಪ್ಪ ಹಗ್ಗವೂ ಸ್ವಲ್ಪ ದೂರಕ್ಕೆ ಆಗುತ್ತದೆ. 1904ರಲ್ಲಿ ಟಯರ್ ಚೈನಿಗೆ ಪೇಟೆಂಟ್ ಪಡೆದ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್‌ಗೆ ಆ ಯೋಚನೆ ಹೊಳೆದದ್ದು, ಕೆಸರು ಮತ್ತು ಹಿಮದಲ್ಲಿ ವಾಹನ ಸವಾರರು ಚಕ್ರಕ್ಕೆ ಹಗ್ಗ, ಬಳ್ಳಿ ಸುತ್ತುವುದನ್ನು ಕಂಡು ಎನ್ನಲಾಗುತ್ತದೆ. ಹಾಗಾಗಿ ಹಗ್ಗ ಸುತ್ತುವ ಹಳ್ಳಿಯ ಸವಾರ ಈ ಶೋಧದ ಬೇರಿನಲ್ಲೇ ಇದ್ದಾನೆ.

ಉಳಿದ ಸಜ್ಜಿಕೆ ಸಣ್ಣಪುಟ್ಟದು. ರಬ್ಬರಿನ ಗುಬುಟುಗಳು ಎದ್ದಿರುವ ಬಟನ್ ಟಯರನ್ನು ಹಿಂದಕ್ಕೆ ಹಾಕುವುದು, ಮುಂದಿನ ಮಡ್‌ಗಾರ್ಡನ್ನು ಮೇಲೆತ್ತಿ ಮಣ್ಣು ಮೆತ್ತಿಕೊಳ್ಳದಷ್ಟು ಜಾಗ ಮಾಡುವುದು, ಗಾಳಿಯನ್ನು ಕೊಂಚ ಇಳಿಸುವುದು ಸಾಮಾನ್ಯ. ಗಾಳಿ ಇಳಿಸಿದರೆ ಟಯರು ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ. ಅತಿಯಾದರೆ ಟಯರು ರಿಮ್ಮಿನ ಮೇಲೆ ಜಾರಿ ಒಳಗಿನ ಟ್ಯೂಬಿನ ವಾಲ್ವ್ ಹರಿಯುತ್ತದೆ.

ಸವಾರಿಯಲ್ಲಿ ಆತುರಕ್ಕೆ ಎಡೆಯಿಲ್ಲ. ಏರಿನ ಬುಡದಲ್ಲೇ ಗೇರ್ ಇಳಿಸಿ, ಆ್ಯಕ್ಸಿಲರೇಟರನ್ನು ಒಂದೇ ಹದದಲ್ಲಿ ಹಿಡಿದು, ನಡುವೆ ನಿಲ್ಲದೆ ಹತ್ತಬೇಕು. ಇಳಿಜಾರಿನಲ್ಲಿ ಎಂಜಿನ್ನಿನ ತಡೆಯನ್ನೇ ನೆಚ್ಚಬೇಕು, ಏಕೆಂದರೆ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದ ಕ್ಷಣ ಚಕ್ರ ಜಾರುತ್ತದೆ. ಮನೆ ತಲುಪಿದ ಮೇಲೆ ಇನ್ನೊಂದು ಕೆಲಸ ಕಾದಿರುತ್ತದೆ. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಚೈನಿನ ಕವರಿನೊಳಗೆ ಸೇರಿದ ಮಣ್ಣು ಒಣಗಿದರೆ ಉಕ್ಕನ್ನು ಅರದಂತೆ ತೇಯುವುದರಿಂದ, ಅದನ್ನು ತೊಳೆದು, ಒರೆಸಿ, 90 ನಂಬರಿನ ಗೇರ್ ಆಯಿಲ್ ಬಿಡಬೇಕು. ಡ್ರಮ್ ಬ್ರೇಕಿನೊಳಗೆ ನೀರು ಹೋಗಿದ್ದರೆ ಬಿಚ್ಚಿ ಒಣಗಿಸಿ ಶೂಗಳಿಗೆ ಮರಳುಕಾಗದ ಉಜ್ಜಬೇಕು. ಕಾರ್ಬುರೇಟರಿನ ತಳದ ಬಟ್ಟಲಲ್ಲಿ ನಿಂತ ನೀರನ್ನು ಅದರ ಸ್ಕ್ರೂ ಸಡಿಲಿಸಿ ಹರಿಯಬಿಡಬೇಕು.

ಈ ತಿಳಿವಳಿಕೆ ಬೆಳೆದದ್ದು ಪೇಟೆಗಳ ಸಣ್ಣ ಗ್ಯಾರೇಜುಗಳಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಕೊಟ್ಟಿತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಕಡಿಮೆ ಪೆಟ್ರೋಲ್ ಕುಡಿಯುವ ಬೈಕು ಹಳ್ಳಿಗಳನ್ನು ತಲುಪಿತು. ಕಿವಿಯಿಂದಲೇ ಎಂಜಿನ್ನಿನ ದೋಷ ಹೇಳಬಲ್ಲ ಮಿಸ್ತ್ರಿಗಳ ತಲೆಮಾರು ರೂಪುಗೊಂಡದ್ದು ಈ ಯಂತ್ರಗಳ ಮೇಲೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾಗಿ ಕಾರ್ಬುರೇಟರಿನ ಜಾಗಕ್ಕೆ ಕಂಪ್ಯೂಟರ್ ನಿಯಂತ್ರಿತ ಇಂಧನ ಪೂರೈಕೆ ಬಂದ ಮೇಲೆ, ದಾರಿಯಲ್ಲಿ ಕೆಟ್ಟ ಬೈಕನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸುವುದು ಮೊದಲಿನಷ್ಟು ಸುಲಭವಲ್ಲ.

ಹಳಿಯಾಳದಲ್ಲಿ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಿದೆ; ದೇಶದ ಇಂಥ ಸಂಸ್ಥೆಗಳ ಪಠ್ಯದಲ್ಲಿ ದ್ವಿಚಕ್ರ ವಾಹನ ದುರಸ್ತಿಯೂ ಒಂದು. ಮಳೆಗಾಲದ ಸಜ್ಜಿಕೆಯನ್ನು ಅದರಲ್ಲೊಂದು ಪಾಠವಾಗಿಸಿ, ಹಿರಿಯ ಮಿಸ್ತ್ರಿಗಳನ್ನೇ ಕರೆದು ಹೇಳಿಸಿದರೆ ಹೆಚ್ಚಿನ ಖರ್ಚಿಲ್ಲದೆ ಈ ವಿದ್ಯೆ ಉಳಿಯುತ್ತದೆ. ಮಜರೆಗಳಿಗೆ ಸರ್ವಋತು ರಸ್ತೆ ಬರಲೇಬೇಕು, ರಾಡಿ ಹೀಗೇ ಇರಲೆಂದು ಬಯಸುವವರು ಯಾರೂ ಇಲ್ಲ. ಆದರೆ ಆ ರಸ್ತೆ ಬರುವ ಹೊತ್ತಿಗೆ, ಅಷ್ಟು ವರ್ಷ ಊರನ್ನು ಊರಿಗೆ ಜೋಡಿಸಿದ ಕೈಗಳ ಜಾಣ್ಮೆಯನ್ನು ಕೇಳಿ ಬರೆದಿಟ್ಟುಕೊಳ್ಳಲು ತಡವಾಗಿರಬಹುದು.