ಬೆನ್ನ ಹಿಂದಿನ ನಲವತ್ತೈದು ಮಣೆಗಳು

ಚದುರಂಗದ ಮೇಜುಗಳನ್ನು ಲಾಳದಾಕಾರದಲ್ಲಿ ಜೋಡಿಸಿರುತ್ತಾರೆ. ಹೊರಬದಿಗೆ ಊರಿನ ಆಟಗಾರರು ಕೂತರೆ, ಒಳಬದಿಯಲ್ಲಿ ಮಾಸ್ಟರ್ ಒಬ್ಬರೇ ನಡೆದಾಡುತ್ತಾರೆ. ಅವರು ಎದುರಿಗೆ ಬಂದು ನಿಂತಾಗ ಕಾಯಿ ನಡೆಸಬೇಕು. ಅರೆಗಳಿಗೆ ನೋಡಿ, ತಮ್ಮ ನಡೆ ಆಡಿ, ಅವರು ಪಕ್ಕದ ಮಣೆಗೆ ಹೊರಟುಬಿಡುತ್ತಾರೆ. 1922ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಚದುರಂಗದ ಮಾಸ್ಟರ್ ಕ್ಯಾಪಬ್ಲಾಂಕಾ ಹೀಗೆ 103 ಮಂದಿಯ ಜೊತೆ ಆಡಿ 102 ಆಟ ಗೆದ್ದರು, ಒಂದು ಡ್ರಾ. ಟೂರ್ನಿಯ ಬಹುಮಾನ ನೆಚ್ಚಿ ಬದುಕಲಾಗದ ಕಾಲದಲ್ಲಿ ಊರೂರು ಸುತ್ತಿ ಆಡುವ ಈ ಪ್ರದರ್ಶನಗಳೇ ಎಷ್ಟೋ ಮಾಸ್ಟರ್‌ಗಳಿಗೆ ಅನ್ನ ಕೊಟ್ಟವು.

ಮಣೆ ನೋಡದೆ ಆಡುವುದು ಇದಕ್ಕಿಂತ ಬಹಳ ಕಠಿಣ. ಕಣ್ಣಿಗೆ ಬಟ್ಟೆಯನ್ನೇ ಕಟ್ಟಬೇಕೆಂದಿಲ್ಲ, ಬೆನ್ನು ತಿರುಗಿಸಿ ಕೂತರೂ ಆಯಿತು. ಎದುರಾಳಿಗಳ ನಡೆಗಳನ್ನು ಬಾಯಲ್ಲಿ ಹೇಳುತ್ತಾರೆ, ಮಾಸ್ಟರ್ ಬಾಯಲ್ಲೇ ಉತ್ತರಿಸುತ್ತಾರೆ. 1858ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಮಾರ್ಫಿ ಹೀಗೆ ಏಕಕಾಲಕ್ಕೆ 8 ಮಣೆ ಆಡಿದರು. 1902ರಲ್ಲಿ ಮಾಸ್ಕೋದಲ್ಲಿ ಪಿಲ್ಸ್‌ಬರಿ 22. ಇವರ ತಲೆಯೊಳಗೆ ಮಣೆಯ ಚಿತ್ರ ಅಚ್ಚೊತ್ತಿರುತ್ತದೆ ಎಂದು ನಾವು ಊಹಿಸುತ್ತೇವೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಇಂಥ ಆಟಗಾರರನ್ನೇ ವಿಚಾರಿಸಿ 1894ರಲ್ಲಿ ಬರೆದದ್ದು ಬೇರೆಯೇ: ಹಲವರಿಗೆ ಕಾಯಿಯ ಬಣ್ಣ, ಆಕಾರ ಕಾಣುವುದೇ ಇಲ್ಲ, ಯಾವ ಕಾಯಿ ಯಾವುದರ ಮೇಲೆ ಕಣ್ಣಿಟ್ಟಿದೆ ಎಂಬ ನಂಟು ಮಾತ್ರ ತಿಳಿದಿರುತ್ತದೆ. ನನಗೆ ಈ ವಿದ್ಯೆಯ ಅತಿ ಸುಂದರ ಗುಟ್ಟು ಇದೇ. ಮರದ ಕುದುರೆ ಮರೆತುಹೋದರೂ ಅದರ ನೆಗೆತ ನೆನಪಿನಲ್ಲಿ ಉಳಿಯುತ್ತದೆ.

ಇಂಥ ಆಟವನ್ನು ಹೊಟ್ಟೆಪಾಡಿಗಲ್ಲದೆ ಆಡಿದವರೂ ಇದ್ದರು. ಪೋಲೆಂಡಿನ ಯಹೂದಿ ಆಟಗಾರ ನೈಡೋರ್ಫ್ 1939ರಲ್ಲಿ ಚದುರಂಗದ ಒಲಿಂಪಿಯಾಡ್‌ಗೆಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಗಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ಅವರು ಅಲ್ಲೇ ಉಳಿದರು, ಮನೆಯವರೆಲ್ಲ ಪೋಲೆಂಡಿನಲ್ಲಿದ್ದರು. ಯುದ್ಧದ ನಡುವೆಯೇ ಅದೇ ದೇಶದ ರೊಸಾರಿಯೊದಲ್ಲಿ ಅವರು ನೋಡದೆ 40 ಮಣೆ ಆಡಿದರು. ಈ ಸುದ್ದಿ ಯುರೋಪಿನ ಪತ್ರಿಕೆಗಳಿಗೂ ಮುಟ್ಟೀತು, ತನ್ನವರು ಯಾರಾದರೂ ಓದಿಯಾರು, ತಾನು ಬದುಕಿರುವುದು ಗೊತ್ತಾಗಿ ಹುಡುಕಿಯಾರು ಎಂಬ ಆಸೆಯಿಂದ ಆಡಿದೆ ಎಂದು ಮುಂದೆ ಅವರೇ ಹೇಳಿಕೊಂಡರು. ತಂದೆತಾಯಿ, ಹೆಂಡತಿ, ಮಗು, ಒಡಹುಟ್ಟಿದವರು ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು.

1947ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಅವರು 45 ಮಣೆಗೆ ಬೆನ್ನು ಹಾಕಿ ಕೂತರು. 1,440 ಕಾಯಿಗಳು. ಸುಮಾರು 23 ಗಂಟೆ ಆಡಿ 39 ಗೆದ್ದು, 4 ಡ್ರಾ ಮಾಡಿ, 2 ಸೋತು ಎದ್ದಾಗ ಅದು ವಿಶ್ವದಾಖಲೆ. ಪೋಲೆಂಡಿನಿಂದ ಮೊಯಿಶೆ ಆಗಿ ಬಂದವರು ಆ ಹೊತ್ತಿಗೆ ಅರ್ಜೆಂಟೀನಾದ ಪ್ರಜೆ, ಮಿಗುಯೆಲ್ ನೈಡೋರ್ಫ್.